ತಿಂಡಿ ಮುಗಿಸಿ ಹೊರಟರೆ ಮಧ್ಯಾಹ್ನದೊಳಗೆ ಚಾಸ್ಮ್ ಲೇಕ್ ನೋಡಿ ಬರಬಹುದಾ?

ಶುಕ್ರವಾರ ಅಮೆರಿಕದ ಕೊಲೊರಾಡೊದ ಡೆನ್ವರ್‌ನಲ್ಲಿ ಇಳಿಯೋದು, ಶನಿವಾರ ತಿಂಡಿ ತಿಂದು ರಾಕಿ ಬೆಟ್ಟಗಳ ಮೇಲಿನ ಚಾಸ್ಮ್ ಲೇಕ್, ಬೇಗ ಮುಗಿದರೆ ಸಂಜೆಗೆ ಇನ್ನೊಂದು ಕೆರೆ. "ನಾಲ್ಕೂ ಜನ ದಿನಾ 5 ಕಿಲೋಮೀಟರ್ ವಾಕಿಂಗ್ ಮಾಡ್ತೀವಿ, ಇದು ಹೋಗಿ ಬರೋಕೆ ಹದಿಮೂರೂವರೆ ಕಿಲೋಮೀಟರ್ ಅಷ್ಟೇ, ಶೂ ಯಾವುದು ತಗೊಳ್ಳೋದು" ಅಂತ ಕೇಳಿದ್ದೀರಿ. ಓದಿ ನಗುವೂ ಬಂತು, ಹೊಟ್ಟೆಯಲ್ಲಿ ಒಂಥರಾ ಸಂಕಟವೂ ಆಯಿತು. 2018ರ ಆಗಸ್ಟ್‌ನಲ್ಲಿ ಅಕ್ಕ ಭಾವನ ಮುಂದೆ ನಾನು ಒಪ್ಪಿಸಿದ್ದು ಹೆಚ್ಚುಕಮ್ಮಿ ಇದೇ ಪಾಠ.

ಶೂ ವಿಷಯ ಆಮೇಲೆ. ಮೊದಲು ಆ ದಿನದ ಕಥೆ ಕೇಳಿ.

ನಾವು ಟ್ರೇಲ್ ಶುರುವಾಗುವ ಜಾಗ ತಲುಪಿದಾಗ ಒಂಬತ್ತೂಕಾಲು. ಪಾರ್ಕಿಂಗ್ ತುಂಬಿ ತುಳುಕುತ್ತಿತ್ತು. ಕಾರನ್ನು ದೂರ ಕೆಳಗೆ ರಸ್ತೆ ಬದಿಯಲ್ಲಿ ನಿಲ್ಲಿಸಿ ನಡೆದು ಬಂದೆವು. ಇಷ್ಟೊಂದು ಕಾರಿನವರು ಎಷ್ಟು ಹೊತ್ತಿಗೆ ಬಂದಿರಬಹುದು ಅಂತ ಒಂದು ಕ್ಷಣ ಯೋಚಿಸಿದ್ದರೂ ಸಾಕಿತ್ತು. ಅದೇ ದಾರಿಯಲ್ಲಿ 14,259 ಅಡಿಯ ಲಾಂಗ್ಸ್ ಪೀಕ್ ಹತ್ತುವವರು ರಾತ್ರಿ ಎರಡು ಮೂರಕ್ಕೆಲ್ಲ ಹೊರಟಿರುತ್ತಾರೆ. ನನಗೆ ಹೊಳೆದಿದ್ದು ಮಾತ್ರ "ಜನ ಜಾಸ್ತಿ ಇದ್ದಾರೆ, ಅಂದ್ರೆ ಸುಲಭದ ದಾರಿ" ಅಂತ.

ಬೋರ್ಡಿನಲ್ಲಿ 4.2 ಮೈಲಿ ಅಂತ ಇತ್ತು. ನನ್ನ ತಪ್ಪು ಶುರುವಾಗಿದ್ದು ಅಲ್ಲೇ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ನೀವೂ ಈಗಾಗಲೇ ಅದನ್ನೇ ಮಾಡಿದ್ದೀರಿ.

4.2 ಮೈಲಿ ಅಂದ್ರೆ ಆರು ಮುಕ್ಕಾಲು ಕಿಲೋಮೀಟರ್. ಗಂಟೆಗೆ 5 ಕಿಲೋಮೀಟರ್ ನಡೆದರೆ ಒಂದು ಗಂಟೆ ಇಪ್ಪತ್ತು ನಿಮಿಷ. "ಎರಡು ಗಂಟೆ ಅಂತ ಇಟ್ಕೊಳ್ಳಿ ಭಾವ, ಧಾರಾಳ ಆಯ್ತು" ಅಂದೆ. ಹನ್ನೊಂದು ಮುಕ್ಕಾಲಿಗೆ ಕೆರೆ, ಅಲ್ಲಿ ಒಂದು ಗಂಟೆ ಆರಾಮ, ಎರಡೂವರೆಗೆ ಕಾರು. ಬಾಯಲ್ಲೇ ಲೆಕ್ಕ ಮುಗಿಸಿಬಿಟ್ಟೆ. ಆದರೆ ದೂರ ಮಾತ್ರ ಎಣಿಸಿದ್ದೆ, ಏರನ್ನು ಎಣಿಸಲೇ ಇಲ್ಲ. ದಾರಿ ಶುರುವಾಗುವುದು ಸುಮಾರು 9,400 ಅಡಿಯಲ್ಲಿ, ಕೆರೆ ಇರುವುದು ಹತ್ತಿರ ಹತ್ತಿರ 11,800 ಅಡಿಯಲ್ಲಿ. ಅಂದ್ರೆ 2,400 ಅಡಿ ಹತ್ತಬೇಕು.

ಇದಕ್ಕೊಂದು ಹಳೇ ಲೆಕ್ಕ ಇದೆ. 1892ರಲ್ಲಿ ವಿಲಿಯಂ ನೈಸ್ಮಿತ್ ಅನ್ನುವ ಸ್ಕಾಟ್ಲೆಂಡಿನ ಪರ್ವತಾರೋಹಿ ಹೇಳಿದ್ದು. ಪ್ರತಿ 3 ಮೈಲಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 2,000 ಅಡಿ ಏರಿಗೆ ಇನ್ನೊಂದು ಗಂಟೆ. ಚಾಸ್ಮ್‌ಗೆ ಹಾಕಿ ನೋಡಿ. ದೂರಕ್ಕೆ 1 ಗಂಟೆ 24 ನಿಮಿಷ, ಏರಿಗೆ 1 ಗಂಟೆ 12 ನಿಮಿಷ. ಒಟ್ಟು ಎರಡು ಗಂಟೆ ಮೂವತ್ತಾರು ನಿಮಿಷ. ಇಲ್ಲೇ ನನ್ನ "ಧಾರಾಳ" ಮುಗಿದುಹೋಯಿತು. ಇಷ್ಟಕ್ಕೂ ಅದು ಗಟ್ಟಿಮುಟ್ಟಾದ ಮನುಷ್ಯ ಎಲ್ಲೂ ಕೂರದೆ ನಡೆದರೆ ಆಗುವ ಹೊತ್ತು. ಅದೂ ಸ್ಕಾಟ್ಲೆಂಡಿನಲ್ಲಿ. ಅಲ್ಲಿನ ಅತಿ ಎತ್ತರದ ಬೆಟ್ಟ ಬೆನ್ ನೆವಿಸ್ 4,413 ಅಡಿ. ನಾವು ನಡಿಗೆ ಶುರು ಮಾಡುವ ಜಾಗವೇ ಅದರ ಎರಡು ಪಟ್ಟು ಎತ್ತರ! ಚಾಸ್ಮ್ ಹತ್ತಿರ ಗಾಳಿಯ ಒತ್ತಡ ಸಮುದ್ರ ಮಟ್ಟದಲ್ಲಿ ಇರುವುದರ ಮೂರನೇ ಎರಡು ಭಾಗ ಅಷ್ಟೇ. ಒಂದೊಂದು ಉಸಿರಿಗೂ ಅಷ್ಟು ಕಮ್ಮಿ ಆಮ್ಲಜನಕ. ಹಾಗಾಗಿ ಎತ್ತರಕ್ಕೆ ಒಗ್ಗದವರಿಗೆ ಆ ಎರಡೂವರೆ ಗಂಟೆಯನ್ನು ನಾನು ಈಗ ಒಂದೂವರೆ ಪಟ್ಟು ಮಾಡುತ್ತೇನೆ. ಹೆಚ್ಚುಕಮ್ಮಿ ನಾಲ್ಕು ಗಂಟೆ. ಬರೀ ಹೋಗೋದಕ್ಕೆ.

ನಿಮ್ಮ ದಿನದ ವಾಕಿಂಗ್ ಇದ್ಯಾವುದನ್ನೂ ಹೇಳಿಕೊಡಲ್ಲ. ಸಮತಟ್ಟು ರಸ್ತೆ, ದಟ್ಟ ಗಾಳಿ. ಬೇಸರ ಮಾಡ್ಕೋಬೇಡಿ, ನನ್ನದೂ ಅದೇ ಆಗಿತ್ತು.

ಸರಿ, ಒಂಬತ್ತು ನಲವತ್ತಕ್ಕೆ ಹೊರಟೆವು. ಮೊದಲ ಎರಡು ಮೈಲಿ ಕಾಡು. ನೆರಳು, ತೊರೆ ಸದ್ದು, ಚೆನ್ನಾಗೇ ಇತ್ತು. ಆಮೇಲೆ ಮರಗಳು ಗಿಡ್ಡವಾಗುತ್ತಾ ಹೋಗುತ್ತವೆ. ಮಂಡಿಯೆತ್ತರದ ಪೊದೆ, ಅದೂ ಹೋಗಿ ಬರೀ ಕಲ್ಲು, ಹುಲ್ಲು. ಅಲ್ಲಿಗೆ ಬಂದಾಗಲೇ ಹನ್ನೊಂದೂವರೆ. ಭಾವ ಇಪ್ಪತ್ತು ಹೆಜ್ಜೆಗೊಮ್ಮೆ ನಿಂತು ಸೊಂಟಕ್ಕೆ ಕೈ ಕೊಡುತ್ತಿದ್ದರು. ಆಕಾಶ ತೊಳೆದಿಟ್ಟ ಹಾಗೆ ನೀಲಿ. ಲಾಂಗ್ಸ್ ಪೀಕ್ ತಲೆ ಹಿಂದಿನಿಂದ ಬಿಳಿ ಮೋಡದ ಒಂದು ತುಂಡು ಮಾತ್ರ ಇಣುಕುತ್ತಿತ್ತು. ಅಕ್ಕ ಅದರ ಫೋಟೋ ಕೂಡ ತೆಗೆದಳು.

ಆ ಮೋಡದ ಬಗ್ಗೆ ಎರಡು ಮಾತು. ಜುಲೈ ಆಗಸ್ಟ್‌ನಲ್ಲಿ ಅಲ್ಲಿ ಮಧ್ಯಾಹ್ನದ ಗುಡುಗು ಮಳೆ ಮಾಮೂಲು. ಬೆಳಗಿನ ಬಿಸಿಲಿಗೆ ಇಳಿಜಾರು ಕಾಯುತ್ತೆ, ತೇವದ ಗಾಳಿ ಮೇಲೇರುತ್ತೆ, ಮಧ್ಯಾಹ್ನದ ಹೊತ್ತಿಗೆ ಕಾರ್ಮೋಡವಾಗಿ ನಿಲ್ಲುತ್ತೆ. ಹವೆ ಸಾಮಾನ್ಯವಾಗಿ ಬರುವುದು ಪಶ್ಚಿಮದಿಂದ. ನೀವು ಹತ್ತುತ್ತಿರುವುದು ಬೆಟ್ಟದ ಪೂರ್ವ ಮಗ್ಗುಲು. ಬೆಟ್ಟವೇ ಅಡ್ಡ ನಿಂತಿರುತ್ತೆ, ಹಿಂದೆ ಏನು ಕಟ್ಟುತ್ತಿದೆ ಅಂತ ಕಾಣೋದೇ ಇಲ್ಲ. ಕಾಣುವ ಹೊತ್ತಿಗೆ ಅದು ತಲೆ ಮೇಲೇ ಇರುತ್ತೆ.

ಹನ್ನೆರಡೂಕಾಲಿಗೆ ಚಾಸ್ಮ್ ಜಂಕ್ಷನ್. ಲಾಂಗ್ಸ್ ಪೀಕ್ ದಾರಿ ಬಲಕ್ಕೆ ಹೊರಳುತ್ತೆ, ಕೆರೆಗೆ ನೇರ. ಅಲ್ಲಿ ಅಕ್ಕ ಕಲ್ಲಿನ ಮೇಲೆ ಕೂತಳು. ತಲೆನೋವು, ವಾಕರಿಕೆ. "ನಾನಿಲ್ಲೇ ಇರ್ತೀನಿ ಕಣೋ, ನೀವಿಬ್ರೂ ನೋಡ್ಕೊಂಡು ಬನ್ನಿ." ಇನ್ನು ಉಳಿದಿದ್ದು 0.7 ಮೈಲಿ. ನನ್ನ ತಲೆ ಮತ್ತೆ ಅದೇ ಗುಣಾಕಾರ ಮಾಡಿತು. ಹದಿನೈದು ನಿಮಿಷ ಹೋಗೋದು, ಹದಿನೈದು ಬರೋದು. "ಅರ್ಧ ಗಂಟೇಲಿ ಬಂದ್ಬಿಡ್ತೀವಿ ಅಕ್ಕ" ಅಂದೆ.

ಎತ್ತರದಲ್ಲಿ ತಲೆನೋವು ಬಂದವರನ್ನು ಅದೇ ಎತ್ತರದಲ್ಲಿ ಕೂರಿಸಬಾರದು, ಕೆಳಗೆ ಕರೆದುಕೊಂಡು ಹೋಗಬೇಕು. ಇದು ನನಗೆ ಗೊತ್ತಿರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತೆ. ಗೊತ್ತಿತ್ತು. ಆದರೆ ಲೆಕ್ಕ ಅರ್ಧ ಗಂಟೆ ಅಂತ ಹೇಳುತ್ತಿತ್ತಲ್ಲ.

ಅಲ್ಲಿಂದ ಮುಂದಿನ ದಾರಿ ಎಷ್ಟು ಚೆಂದ ಅಂದ್ರೆ ಅದೇ ಒಂದು ಅಪಾಯ. ಬಂಡೆಯ ಮಗ್ಗುಲಲ್ಲಿ ಕೊರೆದ ಕಾಲುದಾರಿ. ಎಡಕ್ಕೆ ಆಳದಲ್ಲಿ ಪೀಕಾಕ್ ಪೂಲ್, ಮೇಲಿಂದ ನೋಡಿದರೆ ನಿಜಕ್ಕೂ ನವಿಲುಗರಿಯ ಕಣ್ಣೇ. ಎದುರಿಗೆ ಕೊಲಂಬೈನ್ ಜಲಪಾತ. ಆಮೇಲೆ ಒಂದು ಸಣ್ಣ ಹುಲ್ಲುಗಾವಲು. ಪೈಕಾ ಅಂತ ಒಂದು ಪ್ರಾಣಿ ಇದೆ ನೋಡಿ, ಇಲಿ ಗಾತ್ರ, ಮೊಲದ ಜಾತಿ. ಚಳಿಗಾಲಕ್ಕೆ ಹುಲ್ಲು ಕೂಡಿಡುತ್ತೆ. ಒಂದು ಬಾಯ್ತುಂಬಾ ಹುಲ್ಲು ಕಚ್ಚಿಕೊಂಡು ನಮ್ಮ ಕಾಲ ಬುಡದಲ್ಲೇ ನಿಂತಿತ್ತು, ಹುಲ್ಲು ಮೀಸೆಯ ಹಾಗೆ ಎರಡೂ ಕಡೆ ಚಾಚಿಕೊಂಡು. ಇದ್ದಕ್ಕಿದ್ದಂತೆ ಕಲ್ಲಿನ ಸಂದಿಗೆ ನುಗ್ಗಿತು. ಆಗಲೇ ಮೊದಲ ಗುಡುಗು ಕೇಳಿದ್ದು. "ವಿಮಾನ ಇರಬೇಕು" ಅಂದೆ ನಾನು.

ಆದರೂ ಕೆರೆ ಕಾಣಲಿಲ್ಲ. ಇಂಥ ಕೆರೆಗಳೆಲ್ಲ ಹೀಗೇ. ಹಿಮನದಿ ಬೆಟ್ಟದ ಮಗ್ಗುಲನ್ನು ಬಟ್ಟಲಿನ ಹಾಗೆ ಕೆರೆದು, ಬಾಯಲ್ಲಿ ಬಂಡೆಯ ಅಂಚು ಬಿಟ್ಟು ಹೋಗಿರುತ್ತೆ. ನೀರು ನಿಲ್ಲೋದು ಆ ಅಂಚಿನ ಹಿಂದೆ. ಹಾಗಾಗಿ ಅಂಚು ಹತ್ತಿ ನಿಲ್ಲುವವರೆಗೂ ನಿಮಗೆ ಒಂದು ಹನಿ ನೀರೂ ಕಾಣಲ್ಲ. ಕೊನೆಯಲ್ಲಿ ಕೈಯೂರಿ ಹತ್ತುವ ಬಂಡೆ. "ಇನ್ನೆಷ್ಟೋ ಮಾರಾಯ?" ಅಂದರು ಭಾವ. "ಇಲ್ಲೇ ಭಾವ, ಈ ಬಂಡೆ ಹಿಂದೆ." ಅದಕ್ಕೂ ಮುಂಚೆ ಎರಡು ಬಂಡೆಗೂ ಅದೇ ಮಾತು ಹೇಳಿದ್ದೆ.

ಕೆರೆ ಸಿಕ್ಕಿದಾಗ ಒಂದು ಗಂಟೆ ಐದು ನಿಮಿಷ. ಹದಿನೈದು ನಿಮಿಷದ ದಾರಿಗೆ ಐವತ್ತು ನಿಮಿಷ. ನೀರು ಸೀಸದ ಬಣ್ಣ. ಎದುರಿಗೆ ಲಾಂಗ್ಸ್ ಪೀಕಿನ ದೊಡ್ಡ ಬಂಡೆಗೋಡೆ ಅರ್ಧಕ್ಕಿಂತ ಮೇಲೆ ಮೋಡದಲ್ಲಿ ಮುಳುಗಿತ್ತು. ಮೂರು ನಿಮಿಷ ನಿಂತಿರಬಹುದು. ಸಾಬಕ್ಕಿ ಗಾತ್ರದ ಆಲಿಕಲ್ಲು ಜಾಕೆಟ್ ಟೋಪಿ ಮೇಲೆ ಟಪಟಪ ಬೀಳೋಕೆ ಶುರುವಾಯಿತು. ಮಿಂಚು ಕಂಡಿತು. ಮನಸ್ಸಲ್ಲೇ ಎಣಿಸಿದೆ, ನಾಲ್ಕಕ್ಕೆ ಗುಡುಗು. ಸದ್ದು ಒಂದು ಕಿಲೋಮೀಟರ್ ಬರೋಕೆ ಮೂರು ಸೆಕೆಂಡು ಬೇಕು. ಅಂದ್ರೆ ಸಿಡಿಲು ಒಂದೂಕಾಲು ಕಿಲೋಮೀಟರಿಗಿಂತ ಸ್ವಲ್ಪ ಆಚೆ. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೂ ಅಪಾಯದಲ್ಲಿದ್ದೀರಿ ಅಂತಲೇ ಲೆಕ್ಕ.

ಹತ್ತುವಾಗ ಒಣಗಿದ್ದ ಬಂಡೆ ಇಳಿಯುವಾಗ ಪಾಚಿ ಕಟ್ಟಿದ ಬಚ್ಚಲಿನ ಹಾಗಿತ್ತು. ಭಾವ ಜಾರಿದರು, ಎಡಗೈ ಊರಿದರು. ಒಂದು ಸದ್ದು ಬಂತು, ಅದನ್ನು ಬರೆಯೋದು ಬೇಡ. ನನ್ನ ಶರ್ಟಲ್ಲಿ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಜಂಕ್ಷನ್‌ಗೆ ಬಂದಾಗ ಎರಡೂಕಾಲು.

ಅಕ್ಕ ಅಲ್ಲಿರಲಿಲ್ಲ.

ಫೋನಿಗೆ ಸಿಗ್ನಲ್ ಇಲ್ಲ. ಕೂಗಿದರೆ ಗಾಳಿ ನುಂಗುತ್ತಿತ್ತು. ಜಂಕ್ಷನ್ ಹತ್ತಿರ ಇದ್ದ ಟಾಯ್ಲೆಟ್ ಒಳಗೆ ನೋಡಿದೆ. ಬಂಡೆಗಳ ಹಿಂದೆ ನೋಡಿದೆ. ಭಾವ ಏನೂ ಮಾತಾಡಲಿಲ್ಲ, ನನ್ನ ಮುಖ ಕೂಡ ನೋಡಲಿಲ್ಲ, ಕೆಳಗೆ ನಡೆಯುತ್ತಾ ಹೋದರು. ಮುಂದಿನ ಒಂದು ಗಂಟೆ ನನ್ನ ಜೀವನದ ಅತಿ ಉದ್ದದ ಗಂಟೆ. ಕೊನೆಗೆ ಕಾಡಿನೊಳಗೆ ಅರ್ಧ ಮೈಲಿ ಇಳಿದ ಮೇಲೆ ಅಕ್ಕ ಸಿಕ್ಕಳು. ಯಾರೋ ವಯಸ್ಸಾದ ದಂಪತಿ ಇಳಿಯುವಾಗ ಅವಳನ್ನು ನೋಡಿ, ಬಯ್ದು, ತಮ್ಮ ಮಳೆ ಕೋಟು ಹೊದಿಸಿ ಕರಕೊಂಡು ಬಂದಿದ್ದರು. ತಲೆನೋವು ಅಷ್ಟರಲ್ಲೇ ಇಳಿದಿತ್ತು. ನನ್ನನ್ನು ನೋಡಿ ಅವಳು ಹೇಳಿದ್ದು ಇಷ್ಟೇ: "ಆಯ್ತಾ ಅರ್ಧ ಗಂಟೆ?"

ಭಾವನ ಮಣಿಕಟ್ಟಿನಲ್ಲಿ ಬಿರುಕು. ಆರು ವಾರ ಪ್ಲಾಸ್ಟರ್. ರಜೆಯ ಉಳಿದ ಐದು ದಿನ ಕೋಣೆಯಲ್ಲಿ.

ಈಗ ನಿಮ್ಮ ವಿಷಯ. ಶನಿವಾರ ಚಾಸ್ಮ್ ಬೇಡ. ಬೆಳಗ್ಗೆ ಬೇಗ ಹೋದರೂ ಬೇಡ. ಡೆನ್ವರ್ 5,280 ಅಡಿ, ಬೆಟ್ಟದ ಬುಡದ ಎಸ್ಟೆಸ್ ಪಾರ್ಕ್ ಊರು ಏಳೂವರೆ ಸಾವಿರ. ಒಂದೇ ರಾತ್ರಿ ಕಳೆದು ಹನ್ನೊಂದು ಸಾವಿರ ದಾಟುವುದು ತಲೆನೋವನ್ನು ಕರೆದು ಕೂರಿಸಿಕೊಂಡ ಹಾಗೆ. ಶನಿವಾರ ಬೇರ್ ಲೇಕಿಂದ ಹೊರಡಿ. ನಿಂಫ್, ಡ್ರೀಮ್, ಎಮರಾಲ್ಡ್, ಒಂದೇ ದಾರಿಯಲ್ಲಿ ಮೂರು ಕೆರೆ. ಎಮರಾಲ್ಡ್‌ವರೆಗೆ 1.8 ಮೈಲಿ, ಏರು 700 ಅಡಿಯೂ ಇಲ್ಲ. ನಿಮಗೆ ಎರಡು ಕೆರೆ ಬೇಕಿತ್ತು ಅಲ್ವಾ, ಒಂದು ಜಾಸ್ತಿಯೇ ಆಯಿತು. ಭಾನುವಾರ ಹಯಾಹಾ ಕೆರೆ. 2022ರ ಜೂನ್‌ನಲ್ಲಿ ಅದರ ಮೇಲಿನ ಕಣಿವೆಯಲ್ಲಿ ಬೆಟ್ಟದ ಮಗ್ಗುಲು ಕುಸಿಯಿತು. ಕಲ್ಲಿನ ನುಣ್ಣನೆ ಹಿಟ್ಟು ನೀರಿಗೆ ಸೇರಿ ಇಡೀ ಕೆರೆ ಹಾಲು ಬೆರೆಸಿದ ಹಸಿರಾಯಿತು. ಹಿಮನದಿ ನೀರಿನ ಕೆರೆಗಳ ಬಣ್ಣದ ಗುಟ್ಟೂ ಅದೇ, ಅರೆದ ಕಲ್ಲು. ಇದೆಲ್ಲ ಆಗಿ ಯಾರಿಗೂ ತಲೆನೋವು ಇಲ್ಲ ಅಂದ್ರೆ ಮಂಗಳವಾರವೋ ಬುಧವಾರವೋ ಚಾಸ್ಮ್. ಶನಿವಾರ ಒಂದೇ ದಿನ ಇರೋದು ಅಂತಾದರೆ ಚಾಸ್ಮ್ ಬಿಟ್ಟುಬಿಡಿ, ಅದು ಎಲ್ಲೂ ಹೋಗಲ್ಲ.

ಚಾಸ್ಮ್‌ಗೆ ಹೋಗುವ ದಿನ ಬೆಳಗಿನ ಜಾವ ನಾಲ್ಕೂವರೆಗೆ ಟಾರ್ಚ್ ಹಾಕಿಕೊಂಡು ನಡಿಗೆ ಶುರು. ಹನ್ನೊಂದಕ್ಕೆ ಮತ್ತೆ ಮರಗಳ ಕೆಳಗೆ ಇರಬೇಕು. ಕಾಡಲ್ಲೂ ಸಿಡಿಲಿನ ಭಯ ಪೂರ್ತಿ ಹೋಗಲ್ಲ, ಆದರೂ ಬೋಳು ಬೆಟ್ಟಕ್ಕಿಂತ ವಾಸಿ. ತಿರುಗುವ ಸಮಯವನ್ನು ಕಾರಲ್ಲೇ ಗಟ್ಟಿಯಾಗಿ ಹೇಳಿಕೊಳ್ಳಿ: ಒಂಬತ್ತೂವರೆಗೆ ಎಲ್ಲಿದ್ದರೆ ಅಲ್ಲಿಂದ ವಾಪಸ್, ಕೆರೆ ಮುಂದಿನ ಬಂಡೆಯ ಹಿಂದೆಯೇ ಇದ್ದರೂ. ಒಬ್ಬರು ಕೂತರೆ ಎಲ್ಲರೂ ಇಳಿಯಬೇಕು. ಫೋನ್ ತೋರಿಸುವ ಊರಿನ ಹವಾಮಾನ ನಂಬಬೇಡಿ, ಕೆರೆ ಹತ್ತಿರ ಊರಿಗಿಂತ ಎಂಟು ಡಿಗ್ರಿಯಾದರೂ ಕಮ್ಮಿ ಇರುತ್ತೆ. "ನಾವು ಹತ್ತಕ್ಕೆ ಹೊರಟು ಆರಾಮಾಗಿ ನೋಡಿ ಬಂದೆವು, ಏನೂ ಆಗಲಿಲ್ಲ" ಅನ್ನುವವರೂ ಸಿಗುತ್ತಾರೆ. ಅವರ ಅದೃಷ್ಟ ಅವರಿಗಿರಲಿ.

2021ರಲ್ಲಿ ನಾವು ಮತ್ತೆ ಹೋದೆವು. ಭಾವನನ್ನು ಒಪ್ಪಿಸೋಕೆ ಮೂರು ವರ್ಷ ಬೇಕಾಯಿತು. ನಾಲ್ಕಕ್ಕೆ ಹೊರಟು ಏಳು ಐವತ್ತಕ್ಕೆ ಕೆರೆ. ಎದುರಿನ ಗೋಡೆಗೆ ಡೈಮಂಡ್ ಅಂತ ಹೆಸರು. ಅದು ಪೂರ್ವಕ್ಕೆ ಮುಖ ಮಾಡಿದೆ, ಬೆಳಗಿನ ಬಿಸಿಲು ನೇರ ಅದರ ಮೇಲೇ. ಮಧ್ಯಾಹ್ನದ ಮೇಲೆ ಬರೀ ನೆರಳು. ಗಾಳಿ ಇನ್ನೂ ಎದ್ದಿರಲಿಲ್ಲ, ನೀರಲ್ಲಿ ಇಡೀ ಗೋಡೆ ತಲೆಕೆಳಗಾಗಿ ನಿಂತಿತ್ತು. ಭಾವ ತುಂಬಾ ಹೊತ್ತು ಸುಮ್ನೆ ನೋಡಿದರು. ಆಮೇಲೆ "ಹೋದ ಸಲ ಇದು ಇಲ್ಲೇ ಇತ್ತಾ?" ಅಂದರು. ಅಕ್ಕ ಮೊದಲ ಸಲ ನೋಡುತ್ತಿದ್ದಳು. ಅವಳು ಗೋಡೆ ನೋಡಲೇ ಇಲ್ಲ, ಬಂಡೆ ಸಂದಿಯಲ್ಲಿ ಪೈಕಾ ಹುಡುಕುತ್ತಿದ್ದಳು.

ಇಳಿಯುವಾಗ ಹತ್ತೂವರೆ ಸುಮಾರಿಗೆ ಒಂದು ಕುಟುಂಬ ಎದುರಾಯಿತು. ಎಷ್ಟು ದೂರ ಅಂತ ಕೇಳಿದರು. "ಇನ್ನೂ ಎರಡೂವರೆ ಗಂಟೆ" ಅಂದೆ. ಅಲ್ಲ, ಮೈಲಿ ಎಷ್ಟು ಅಂದರು. ಮತ್ತೆ ಎರಡೂವರೆ ಗಂಟೆ ಅಂತಲೇ ಹೇಳಿದೆ. ಸ್ವಲ್ಪ ಒರಟಾಯಿತೇನೋ.

ಹಾಂ, ಶೂ. ಈಗಾಗಲೇ ಹಾಕಿ ಪಳಗಿದ್ದು, ಹಿಡಿತ ಸವೆಯದೆ ಇರೋದು ಯಾವುದಾದರೂ ಆದೀತು. ಹೊಸದು ತಗೊಂಡು ಅವತ್ತೇ ಮೊದಲ ಸಲ ಹಾಕಬೇಡಿ. ಉಳಿದ ದುಡ್ಡಲ್ಲಿ ನಾಲ್ಕು ಜನಕ್ಕೂ ಮಳೆ ಜಾಕೆಟ್, ತಲೆಗೆ ಕಟ್ಟುವ ಟಾರ್ಚ್ ತಗೊಳ್ಳಿ.