ಸ್ಕ್ರೀನ್ ಸೇವರ್ ಬಿಡಿ, ಹೈಬ್ರಿಡ್ ಸ್ಲೀಪ್ ಹಾಕಿ

ಪ್ರಶ್ನೆ: ನಮ್ಮ ಮನೆಯ ಡೆಸ್ಕ್‌ಟಾಪ್ ಇಡೀ ದಿನ ಆನ್ ಇರುತ್ತದೆ. ಯಾರೂ ಕೂರದಿದ್ದಾಗ ಸ್ಕ್ರೀನ್ ಸೇವರ್ ಓಡುತ್ತಿರುತ್ತದೆ. ಸ್ಲೀಪ್ ಹಾಕೋಣ ಎಂದರೆ ನಮ್ಮೂರಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ. ತೆರೆದಿಟ್ಟ ಕೆಲಸ ಹೋಗಿಬಿಟ್ಟರೆ? ವಿಂಡೋಸ್ 10 ಇದೆ.

ಉತ್ತರ: ನಿಮ್ಮ ಭಯ ಸರಿಯಾದದ್ದೇ. ಸ್ಲೀಪ್‌ನಲ್ಲಿ ತೆರೆದ ಫೈಲುಗಳೆಲ್ಲ ಕಂಪ್ಯೂಟರಿನ ತಾತ್ಕಾಲಿಕ ಮೆಮೊರಿಯಾದ ರ‍್ಯಾಮ್‌ನಲ್ಲೇ ಇರುತ್ತವೆ. ಕರೆಂಟ್ ತಪ್ಪಿದರೆ ಸೇವ್ ಮಾಡದ್ದೆಲ್ಲ ಹೋಯಿತು. ಲ್ಯಾಪ್‌ಟಾಪ್‌ಗಾದರೆ ಬ್ಯಾಟರಿ ಇದೆ, ಡೆಸ್ಕ್‌ಟಾಪ್‌ಗೆ ಅದಿಲ್ಲ ಅಲ್ವಾ?

ಅದಕ್ಕೇ ಹೈಬ್ರಿಡ್ ಸ್ಲೀಪ್ ಇರುವುದು. ಇದು ಮಲಗುವ ಮುಂಚೆ ರ‍್ಯಾಮ್‌ನಲ್ಲಿರುವುದನ್ನು ಡಿಸ್ಕ್‌ಗೂ ಬರೆದಿಡುತ್ತದೆ. ಕರೆಂಟ್ ಇದ್ದರೆ ಕಂಪ್ಯೂಟರ್ ಕೆಲವೇ ಸೆಕೆಂಡಿನಲ್ಲಿ ಏಳುತ್ತದೆ. ಮಧ್ಯೆ ಕರೆಂಟ್ ಹೋಗಿ ಬಂದಿದ್ದರೆ ಡಿಸ್ಕ್‌ನಿಂದ ಓದಿಕೊಳ್ಳುತ್ತದೆ. ಸ್ವಲ್ಪ ನಿಧಾನ, ಆದರೆ ಬಿಟ್ಟಲ್ಲಿಂದಲೇ ಶುರು. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ. ಈಗಿರುವ ಪ್ಲಾನ್ ಪಕ್ಕದ ‘ಚೇಂಜ್ ಪ್ಲಾನ್ ಸೆಟಿಂಗ್ಸ್’, ಆಮೇಲೆ ‘ಚೇಂಜ್ ಅಡ್ವಾನ್ಸ್ಡ್ ಪವರ್ ಸೆಟಿಂಗ್ಸ್’ ಒತ್ತಿ. ತೆರೆಯುವ ಪಟ್ಟಿಯಲ್ಲಿ ‘ಸ್ಲೀಪ್’ ಪಕ್ಕದ ಪ್ಲಸ್ ಗುರುತು ಒತ್ತಿದರೆ ‘ಅಲೋ ಹೈಬ್ರಿಡ್ ಸ್ಲೀಪ್’ ಸಿಗುತ್ತದೆ. ಅದನ್ನು ಆನ್ ಮಾಡಿ. ಆ ಸಾಲೇ ಕಾಣದಿದ್ದರೆ ಹೆಚ್ಚಾಗಿ ಹೈಬರ್ನೇಟ್ (ತೆರೆದ ಕೆಲಸವನ್ನು ಡಿಸ್ಕ್‌ಗೆ ಬರೆದು ಕಂಪ್ಯೂಟರ್ ಆರುವ ಸೌಲಭ್ಯ) ಆಫ್ ಆಗಿರುತ್ತದೆ. ಮೊದಲು ಅದನ್ನು ಆನ್ ಮಾಡಿಸಿಕೊಳ್ಳಿ.

ಇದಾದ ಮೇಲೆ ಸೆಟಿಂಗ್ಸ್, ಸಿಸ್ಟಮ್, ‘ಪವರ್ ಅಂಡ್ ಸ್ಲೀಪ್’ನಲ್ಲಿ ಸ್ಕ್ರೀನ್ 5 ನಿಮಿಷಕ್ಕೆ ಆರುವಂತೆ, ಸ್ಲೀಪ್ 20 ನಿಮಿಷಕ್ಕೆ ಬರುವಂತೆ ಇಡಿ. ದೊಡ್ಡ ಡೌನ್‌ಲೋಡ್ ಇದ್ದ ದಿನ ಮಾತ್ರ ಸ್ಲೀಪ್ ಸಮಯ ಹೆಚ್ಚಿಸಿಕೊಳ್ಳಿ.

ಸ್ಕ್ರೀನ್ ಸೇವರ್ ತೆಗೆದುಬಿಡಿ. ಹಳೇ ಪಿಕ್ಚರ್ ಟ್ಯೂಬ್ ಮಾನಿಟರ್‌ನಲ್ಲಿ ಒಂದೇ ಚಿತ್ರ ಅಚ್ಚೊತ್ತಿ ಕೂರದಿರಲಿ ಎಂದು ಬಂದದ್ದು ಅದು. ಈಗಿನ ಎಲ್‌ಸಿಡಿ ಮಾನಿಟರ್‌ನಲ್ಲಿ ಅದು ಓಡುವಾಗಲೂ ಪರದೆಯ ಹಿಂಬದಿಯ ದೀಪ ಉರಿಯುತ್ತಲೇ ಇರುತ್ತದೆ, ಪೈಸೆಯೂ ಉಳಿಯುವುದಿಲ್ಲ.

ಮಾನಿಟರ್ ಸೇರಿ 80 ವ್ಯಾಟ್ ಎಂದಿಟ್ಟುಕೊಳ್ಳಿ. ದಿನಕ್ಕೆ 6 ಗಂಟೆ ಸುಮ್ನೆ ಉರಿದರೆ ತಿಂಗಳಿಗೆ 14 ಯೂನಿಟ್ ದಾಟುತ್ತದೆ. ಅಷ್ಟೇ ಹೊತ್ತು ಸ್ಲೀಪ್‌ನಲ್ಲಿ 3 ವ್ಯಾಟ್ ಎಳೆದರೆ ಅರ್ಧ ಯೂನಿಟ್ ಆದೀತು. ಕರ್ನಾಟಕದಲ್ಲಿ ಗೃಹಜ್ಯೋತಿಯ 200 ಯೂನಿಟ್ ಗಡಿಯ ಹತ್ತಿರ ಇರುವ ಮನೆಗೆ ಇದು ಸಣ್ಣ ಮೊತ್ತವಲ್ಲ. ಗಡಿ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು.

ಪವರ್ ಪ್ಲಾನ್ ‘ಬ್ಯಾಲೆನ್ಸ್ಡ್’ ಇದ್ದರೆ ಸಾಕು. ಕೆಲಸ ಕಡಿಮೆ ಇದ್ದಾಗ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ.

ಕಸ ಗುಡಿಸುವಾಗ ಮೇಜು ಅಲುಗಿದರೂ ಕಂಪ್ಯೂಟರ್ ಎದ್ದು ಕೂರುತ್ತಿದೆಯೇ? ಡಿವೈಸ್ ಮ್ಯಾನೇಜರ್‌ನಲ್ಲಿ ಮೌಸ್‌ನ ಪ್ರಾಪರ್ಟೀಸ್ ತೆರೆದು, ‘ಪವರ್ ಮ್ಯಾನೇಜ್‌ಮೆಂಟ್’ನಲ್ಲಿ ಕಂಪ್ಯೂಟರ್ ಎಬ್ಬಿಸುವ ಅನುಮತಿಯ ಟಿಕ್ ತೆಗೆಯಿರಿ. ಎಬ್ಬಿಸಲು ಕೀಬೋರ್ಡ್ ಸಾಕು.