ಮೂರು ವರ್ಷಕ್ಕೆಂದು ಬಂದ ಕಾಯ್ದೆ

ಪ್ರಶ್ನೆ: ಜೀತದಾಳುಗಳನ್ನು ಬಿಡುಗಡೆ ಮಾಡಿದ ಎರಡನೇ ಅಲೆಕ್ಸಾಂಡರನನ್ನು ಕ್ರಾಂತಿಕಾರಿಗಳೇ ಕೊಂದರು. ಆಮೇಲೆ ರಷ್ಯದಲ್ಲಿ ನಡೆದ ದಮನಕ್ಕೆ ಆ ಬಾಂಬೇ ಕಾರಣವಲ್ಲವೇ? ಸಾಮಾನ್ಯರಿಗೆ ಅದರ ಬಿಸಿ ಹೇಗೆ ತಟ್ಟುತ್ತಿತ್ತು?
— ಪದವಿ ತರಗತಿಯ ವಿದ್ಯಾರ್ಥಿನಿ

ಉತ್ತರ: ನಿಮ್ಮ ಮಾತನ್ನು ಅರ್ಧ ಮಾತ್ರ ಒಪ್ಪುತ್ತೇನೆ, ತಾಯಿ. ಬಾಂಬು ಬಿದ್ದದ್ದು 1881ರ ಮಾರ್ಚ್ 1ರಂದು (ರಷ್ಯದ ಹಳೆಯ ಕ್ಯಾಲೆಂಡರಿನ ಲೆಕ್ಕ), ಪೀಟರ್ಸ್‌ಬರ್ಗ್‌ನ ಕಾಲುವೆಯ ದಂಡೆಯಲ್ಲಿ. ಚುನಾಯಿತರನ್ನೂ ಕೂರಿಸಿಕೊಂಡು ಕಾನೂನುಗಳನ್ನು ಚರ್ಚಿಸುವ, ಗೃಹಸಚಿವ ಲೋರಿಸ್-ಮೆಲಿಕೋವ್‌ನ ಯೋಜನೆಗೆ ದೊರೆ ಸಮ್ಮತಿ ಕೊಟ್ಟದ್ದು ಅದೇ ಬೆಳಿಗ್ಗೆ. ಮಗ ಮೂರನೇ ಅಲೆಕ್ಸಾಂಡರ್ ಅದನ್ನು ಮೂಲೆಗೆ ಸರಿಸಿದ. ಅವನ ಗುರು ಪೊಬೆಡೊನೊಸ್ತ್ಸೆವ್ ಬರೆದುಕೊಟ್ಟ ಘೋಷಣೆ ಏಪ್ರಿಲ್ 29ರಂದು ಹೊರಬಿತ್ತು: ನಿರಂಕುಶಾಧಿಕಾರ ಕದಲುವುದಿಲ್ಲ. ಇಷ್ಟರಮಟ್ಟಿಗೆ ನಿಮ್ಮ ಮಾತು ಸರಿ.

ಆದರೆ ಉಕ್ರೇನಿ ಭಾಷೆಯಲ್ಲಿ ಪುಸ್ತಕ ಅಚ್ಚು ಹಾಕಬಾರದು, ಹೊರಗಿನಿಂದಲೂ ತರಿಸಬಾರದು ಎಂದು 1876ರಲ್ಲಿ ಅಪ್ಪಣೆ ಹೊರಡಿಸಿದವನು ಯಾರು? ಇದೇ ‘ವಿಮೋಚಕ’ ದೊರೆ. ಲಿಥುವೇನಿಯನ್ನರಿಗೆ ಲ್ಯಾಟಿನ್ ಲಿಪಿಯನ್ನು ನಿಷೇಧಿಸಿದ್ದೂ ಅವನ ಆಳ್ವಿಕೆಯಲ್ಲೇ. ಆ ನಿಷೇಧ 1904ರವರೆಗೆ ನಡೆಯಿತು. ಅಲ್ಲಿಯ ರೈತರು ಪ್ರಷ್ಯದಲ್ಲಿ ಅಚ್ಚಾದ ಪ್ರಾರ್ಥನಾ ಪುಸ್ತಕಗಳನ್ನು ಬೆನ್ನಿಗೆ ಕಟ್ಟಿಕೊಂಡು ರಾತ್ರಿ ಹೊತ್ತು ಗಡಿ ದಾಟುತ್ತಿದ್ದರು. ಸಿಕ್ಕಿಬಿದ್ದವರಿಗೆ ಸೆರೆ, ಇಲ್ಲವೇ ಸೈಬೀರಿಯ. ಆಗ ಯಾವ ಬಾಂಬು ಬಿದ್ದಿತ್ತು?

ನನ್ನನ್ನು ಇಂದಿಗೂ ಕಾಡುವುದು 1881ರ ಆಗಸ್ಟ್ 14ರ ಕಾಯ್ದೆ. ಅದನ್ನು ತಂದದ್ದೇ ತಾತ್ಕಾಲಿಕವೆಂದು. ಅವಧಿ ಮೂರು ವರ್ಷ. ಅದು ಜಾರಿಯಾದ ಕಡೆ ಗವರ್ನರ್ ಯಾವ ನ್ಯಾಯಾಲಯವನ್ನೂ ಕೇಳದೆ ಒಬ್ಬನನ್ನು ಮೂರು ತಿಂಗಳು ಕೂಡಿಹಾಕಬಹುದಿತ್ತು, 500 ರೂಬಲ್‌ವರೆಗೆ ದಂಡ ಹಾಕಬಹುದಿತ್ತು, ಸಭೆಗಳನ್ನು ತಡೆಯಬಹುದಿತ್ತು, ಅಂಗಡಿಗೆ ಬೀಗ ಜಡಿಸಬಹುದಿತ್ತು. ಪೊಲೀಸರು ಯಾರನ್ನಾದರೂ ‘ಅಪಾಯಕಾರಿ’ ಎಂದರೆ ಸಾಕು, ಗೃಹಸಚಿವಾಲಯದ ಒಂದು ಸಮಿತಿ ಕಡತ ನೋಡಿ ಐದು ವರ್ಷದವರೆಗೆ ಗಡೀಪಾರು ಮಾಡುತ್ತಿತ್ತು. ಆರೋಪಪಟ್ಟಿಯೂ ಇಲ್ಲ, ವಕೀಲನೂ ಇಲ್ಲ. ಮೂರು ವರ್ಷ ಮುಗಿಯಿತು, ನವೀಕರಿಸಿದರು. ಮತ್ತೆ ನವೀಕರಿಸಿದರು. 1917ರಲ್ಲಿ ಸಿಂಹಾಸನ ಉರುಳುವವರೆಗೂ ಅದು ಜಾರಿಯಲ್ಲಿತ್ತು! ಬಾಂಬಿನ ಸಂಚಿನಲ್ಲಿದ್ದ ಐವರನ್ನು 1881ರ ಏಪ್ರಿಲ್‌ನಲ್ಲೇ ಗಲ್ಲಿಗೇರಿಸಿಯಾಗಿತ್ತು. ಕಾಯ್ದೆಗೆ ಕಾರಣವಾದವರು ಮಣ್ಣಾದ ಮೇಲೂ ಕಾಯ್ದೆ ಉಳಿಯಿತು. ಹೀಗಿರುವಾಗ ಎಲ್ಲವನ್ನೂ ಆ ಬಾಂಬಿನ ತಲೆಗೆ ಕಟ್ಟಲು ನನ್ನ ಮನಸ್ಸು ಒಪ್ಪುವುದಿಲ್ಲ.

ಸಾಮಾನ್ಯರ ಬಗ್ಗೆ ಕೇಳಿದ್ದೀರಿ. 1887ರ ಜೂನ್‌ನಲ್ಲಿ ಶಿಕ್ಷಣ ಸಚಿವ ಡೆಲ್ಯಾನೋವ್ ಹೊರಡಿಸಿದ ಸುತ್ತೋಲೆಯನ್ನು ನೋಡಿ. ಪ್ರೌಢಶಾಲೆಗೆ ಯಾರ ಮಕ್ಕಳು ಬೇಡ ಎಂದು ಅದು ಪಟ್ಟಿ ಮಾಡುತ್ತದೆ: ಗಾಡಿ ಹೊಡೆಯುವವರು, ಮನೆಯಾಳುಗಳು, ಅಡುಗೆಯವರು, ಬಟ್ಟೆ ಒಗೆಯುವವರು, ಸಣ್ಣ ಅಂಗಡಿಯವರು. ಅಸಾಧಾರಣ ಪ್ರತಿಭೆ ಇದ್ದರೆ ಮಾತ್ರ ವಿನಾಯಿತಿ. ಜನ ಅದನ್ನು ‘ಅಡುಗೆಯವಳ ಮಕ್ಕಳ ಸುತ್ತೋಲೆ’ ಎಂದೇ ಕರೆದರು. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನು ನಾನು. ಈ ಪಟ್ಟಿಯನ್ನು ತರಗತಿಯಲ್ಲಿ ಓದುವಾಗಲೆಲ್ಲ ನನ್ನ ದನಿ ಒಡೆಯುತ್ತಿತ್ತು. ನೇಣಿನ ವಿಷಯ ಹೇಳುವಾಗಲೂ ಹಾಗೆ ಆಗುತ್ತಿರಲಿಲ್ಲ. ಮಗುವಿನ ಮುಖವನ್ನೂ ನೋಡದೆ, ತಾಯಿಯ ಕಸುಬು ಕೇಳಿ ಬಾಗಿಲು ಮುಚ್ಚುವ ಆಳ್ವಿಕೆಗೆ ದಮನ ಎನ್ನದೆ ಬೇರೇನು ಹೇಳಲಿ?

ಪ್ರಶ್ನೆ: ಆ ಕಾಲದಲ್ಲಿ ಅಂಚೆಯಲ್ಲೇ ಜನರ ಕಾಗದಗಳನ್ನು ಒಡೆದು ಓದುತ್ತಿದ್ದರಂತೆ, ನಿಜವೇ?
— ನಿವೃತ್ತ ಅಂಚೆ ನೌಕರರು

ಉತ್ತರ: ನಿಜ. ‘ಕಪ್ಪು ಕೋಣೆ’ ಎಂದು ಅದನ್ನು ಕರೆಯುತ್ತಿದ್ದರು. ಅಂಚೆ ಕಚೇರಿಯೊಳಗೇ ಹೊರಗಿನವರಿಗೆ ಪ್ರವೇಶವಿಲ್ಲದ ಕೋಣೆ, ಹಲವು ಭಾಷೆ ಬಲ್ಲ ನೌಕರರು. ಲಕೋಟೆಯ ಅಂಟನ್ನು ಹಬೆಯಲ್ಲಿ ಸಡಿಲಿಸಿ, ಕಾಗದವನ್ನು ತೆಗೆದು ಓದಿ, ಬೇಕೆನಿಸಿದ್ದನ್ನು ನಕಲು ಮಾಡಿ ಪೊಲೀಸ್ ಇಲಾಖೆಗೆ ಕಳಿಸುತ್ತಿದ್ದರು. ಅರಗಿನ ಮುದ್ರೆ ಇದ್ದರೆ ಅದರ ಅಚ್ಚನ್ನೇ ತಯಾರಿಸಿ ಮತ್ತೆ ಒತ್ತುತ್ತಿದ್ದರು. ದೊಡ್ಡ ಹುದ್ದೆಯಲ್ಲಿದ್ದವರ ಕಾಗದಗಳನ್ನೂ ಬಿಡುತ್ತಿರಲಿಲ್ಲ. ಮಾಮೂಲಿ ಬಟವಾಡೆಯಲ್ಲೇ ಅದು ಮನೆಗೆ ತಲುಪುತ್ತಿದ್ದರಿಂದ, ಬಾಗಿಲಲ್ಲಿ ನಿಂತು ಕಾಗದ ಕೊಡುತ್ತಿದ್ದ ಅಂಚೆಯವನಿಗೂ ಅದು ಒಮ್ಮೆ ಒಡೆದದ್ದು ಎಂದು ಗೊತ್ತಾಗುತ್ತಿರಲಿಲ್ಲ.