ಅಣ್ಣ-ತಮ್ಮ ಮತ್ತೆ ಮೈಕ್ ಹಿಡಿದರು

ಪ್ರಶ್ನೆ: ನನ್ನ ಮಗ ದಿನವಿಡೀ ಅಮೆರಿಕದ ರ‍್ಯಾಪ್ ಕೇಳುತ್ತಾನೆ. ಈಗ ಐವತ್ತು ದಾಟಿದವರೂ ಹಳೇ ಜೊತೆಗಾರರನ್ನು ಕೂಡಿಕೊಂಡು ಹೊಸ ಆಲ್ಬಂ ಬಿಡುತ್ತಿದ್ದಾರಂತೆ. ರ‍್ಯಾಪ್ ಹುಡುಗರ ಆಟ ಅಲ್ವಾ? ಇದು ದುಡ್ಡಿನ ಆಸೆ ತಾನೇ?
- ಓದುಗರೊಬ್ಬರು, ಶಿವಮೊಗ್ಗ

ಉತ್ತರ: ದುಡ್ಡು ಬೇಡ ಅನ್ನುವವರು ಯಾರಿದ್ದಾರೆ ಹೇಳಿ! ಆದರೂ ಕ್ಲಿಪ್ಸ್ ಅನ್ನುವ ರ‍್ಯಾಪ್ ಜೋಡಿಯ ಕಥೆ ಕೇಳಿ. ವರ್ಜೀನಿಯಾದಲ್ಲಿ ಬೆಳೆದ ಅಣ್ಣ-ತಮ್ಮ. ಅಣ್ಣ ಮ್ಯಾಲಿಸ್, ತಮ್ಮ ಪುಷಾ ಟಿ. 2002ರಲ್ಲಿ ಇವರ ‘ಗ್ರೈಂಡಿನ್’ ಹಾಡು ಬಂದಾಗ ಅಲ್ಲಿನ ಶಾಲೆ ಮಕ್ಕಳು ಊಟದ ಮೇಜು ಬಡಿದು ಅದೇ ತಾಳ ಹಾಕುತ್ತಿದ್ದರು. ಹಾಡಿನ ತುಂಬ ಕೊಕೇನ್ ದಂಧೆಯ ಮಾತು. 2009ರ ಆಲ್ಬಂ ಆದ ಮೇಲೆ ಅಣ್ಣನಿಗೆ ಅದು ಸಾಕಾಯಿತು. ಜೊತೆಗಿದ್ದ ಮ್ಯಾನೇಜರ್ ಮಾದಕವಸ್ತು ಕೇಸಿನಲ್ಲಿ ಜೈಲು ಸೇರಿದ್ದ. ಅಣ್ಣ ದೇವರ ಕಡೆ ತಿರುಗಿದ, ಹೆಸರನ್ನೂ ‘ನೋ ಮ್ಯಾಲಿಸ್’ (ಅಂದರೆ ‘ಕೇಡು ಇಲ್ಲ’) ಮಾಡಿಕೊಂಡ. ತಮ್ಮ ಒಬ್ಬನೇ ಮುಂದುವರಿದ.

ಇಬ್ಬರೂ ಸೇರಿ ಮತ್ತೆ ಆಲ್ಬಂ ಬಿಟ್ಟದ್ದು ಹದಿನಾರು ವರ್ಷದ ಮೇಲೆ, 2025ರ ಜುಲೈನಲ್ಲಿ. ಸಂಗೀತ ಹಳೇ ಗೆಳೆಯ ಫ್ಯಾರೆಲ್ ವಿಲಿಯಮ್ಸ್‌ದು. ಅವನೀಗ ಪ್ಯಾರಿಸ್‌ನಲ್ಲಿ ಲೂಯಿ ವಿಟಾನ್ ಅನ್ನುವ ಫ್ಯಾಷನ್ ಕಂಪನಿಗೆ ಗಂಡಸರ ಉಡುಪು ವಿನ್ಯಾಸ ಮಾಡುತ್ತಾನೆ. ರೆಕಾರ್ಡಿಂಗ್ ಕೂಡ ಅಲ್ಲೇ.

ಮೊದಲ ಹಾಡು ಕೇಳಿಸಿಕೊಳ್ಳಿ. ಇವರ ಅಪ್ಪ-ಅಮ್ಮ ಕೆಲವೇ ತಿಂಗಳ ಅಂತರದಲ್ಲಿ ತೀರಿಕೊಂಡರು. ಪುಷಾ ಟಿ ಅಮ್ಮನ ಬಗ್ಗೆ ಹೇಳುತ್ತಾನೆ: ಅಮ್ಮ ಹೊರಡುವ ಸಿದ್ಧತೆಯಲ್ಲಿದ್ದಳು, ನಾನು ಫೋನ್ ನೋಡುತ್ತಿದ್ದೆ ಅಂತ. ಅಣ್ಣ ಅಪ್ಪನ ಬಗ್ಗೆ. ಮನೆ ಮುಂದೆ ಅಪ್ಪನ ಕಾರು ನಿಂತಿದೆ, ಅಂದರೆ ಒಳಗಿದ್ದಾರೆ. ಬಾಗಿಲು ತಟ್ಟುತ್ತಾನೆ. ಮೂರನೇ ಸಲ ತಟ್ಟುವ ಹೊತ್ತಿಗೆ ಅವನ ಮೈ ತಣ್ಣಗಾಗುತ್ತದೆ. ಮತ್ತೆ ರ‍್ಯಾಪ್ ಮಾಡಲಾ ಅಂತ ಆ ಅಪ್ಪನನ್ನೇ ಕೇಳಿದ್ದನಂತೆ, ಅವರು ಆಶೀರ್ವಾದ ಮಾಡಿದ್ದರಂತೆ. ಅದೂ ಹಾಡಿನಲ್ಲಿದೆ. ಇಪ್ಪತ್ತೈದರ ಹುಡುಗ ಇದನ್ನು ಬರೆಯಲಾರ. ಪುಷಾ ಟಿ ಬೇರೆ ಯಾರ ಜೊತೆಗಾದರೂ ಹಾಡಬಹುದಿತ್ತು, ಆದರೆ ಈ ಅಪ್ಪ-ಅಮ್ಮನನ್ನು ಹಂಚಿಕೊಂಡವನು ಒಬ್ಬನೇ ತಾನೇ?

ನಿಮ್ಮ ಕಡೆ ತಾಳಮದ್ದಲೆಯಲ್ಲಿ ಎಪ್ಪತ್ತರ ಅರ್ಥಧಾರಿಗೆ ‘ಸಾಕು, ಮನೆಗೆ ಹೋಗಿ’ ಅನ್ನುತ್ತಾರಾ? ಮಾತಿನ ಕಲೆ ಅದು, ಇದೂ ಹಾಗೇ. ಹಾಗಂತ ಆಲ್ಬಂ ಪೂರ್ತಿ ಹೀಗಿದೆ ಅಂದುಕೊಳ್ಳಬೇಡಿ. ಹಳೇ ದಂಧೆ, ಕಾರು, ಚಿನ್ನದ ಜಂಬ ಹಾಗೇ ಇದೆ. ಈ ವಯಸ್ಸಲ್ಲೂ ಯಾಕಪ್ಪಾ ಅಂತ ನನಗೂ ಅನ್ನಿಸಿತು.

ಪ್ರಶ್ನೆ: ಸತ್ತವರ ದನಿ ಇಟ್ಟುಕೊಂಡು ಆಲ್ಬಂ ಮಾಡುವುದು ಸರೀನಾ?
- ಓದುಗರೊಬ್ಬರು, ಧಾರವಾಡ

ಉತ್ತರ: ಯಾವಾಗ, ಹೇಗೆ ರೆಕಾರ್ಡ್ ಆಯಿತು ಅಂತ ನೋಡಬೇಕು. ಎ ಟ್ರೈಬ್ ಕಾಲ್ಡ್ ಕ್ವೆಸ್ಟ್ ಅನ್ನುವ ರ‍್ಯಾಪ್ ತಂಡದ ಕ್ಯೂ-ಟಿಪ್ ಮತ್ತು ಫೈಫ್ ಡಾಗ್ ನ್ಯೂಯಾರ್ಕಿನ ಬಾಲ್ಯದ ಗೆಳೆಯರು. ಮುನಿಸಿಕೊಂಡು ದೂರವಾಗಿದ್ದರು. 1998ರ ನಂತರ ಆಲ್ಬಂ ಇರಲಿಲ್ಲ. 2015ರ ಕೊನೆಗೆ ರಾಜಿಯಾಗಿ, ಕ್ಯೂ-ಟಿಪ್‌ನ ನ್ಯೂಜೆರ್ಸಿ ಮನೆಯ ಸ್ಟುಡಿಯೋದಲ್ಲಿ ಕೂತರು. ಅವನದೊಂದು ಹಟ: ಈಮೇಲ್‌ನಲ್ಲಿ ಹಾಡು ಕಳಿಸುವಂತಿಲ್ಲ, ಎಲ್ಲರೂ ಬರಬೇಕು. ಫೈಫ್‌ಗೆ ಸಕ್ಕರೆ ಕಾಯಿಲೆ, ಹೆಂಡತಿಯೇ ಕಿಡ್ನಿ ಕೊಟ್ಟಿದ್ದಳು. ಆದರೂ ಕ್ಯಾಲಿಫೋರ್ನಿಯಾದಿಂದ ವಿಮಾನ ಹತ್ತಿ ಬರುತ್ತಿದ್ದ. 2016ರ ಮಾರ್ಚ್‌ನಲ್ಲಿ, 45ರ ವಯಸ್ಸಿಗೆ ಹೋಗಿಬಿಟ್ಟ. ನವೆಂಬರ್‌ನಲ್ಲಿ ಆಲ್ಬಂ ಬಂದು ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇ ಹೋಯಿತು. ಅವನು ಗೆಳೆಯರ ಎದುರು ನಿಂತು ಹಾಡಿದ್ದು ಅದು, ನನಗೆ ತಕರಾರಿಲ್ಲ.

2017ರಲ್ಲಿ ತೀರಿಹೋದ ರ‍್ಯಾಪರ್ ಪ್ರಾಡಿಜಿಯ ದನಿಯಲ್ಲಿ ಅವನ ಜೋಡಿ ಮಾಬ್ ಡೀಪ್‌ನ ಆಲ್ಬಂ 2025ರಲ್ಲಿ ಬಂತು. ಅಲ್ಲಿ ಹಾಡು ಹೇಗಿರಬೇಕು ಅನ್ನುವ ಕೊನೆಯ ಮಾತು ಅವನದಲ್ಲ. ಆದರೆ ಕೂಡಿಸಿದ್ದು ಓದುವ ಕಾಲದ ಜೊತೆಗಾರ ಹ್ಯಾವೊಕ್ ಅನ್ನುವುದು ಸ್ವಲ್ಪ ಸಮಾಧಾನ.

ಪ್ರಶ್ನೆ: ಇವನ್ನೆಲ್ಲ ಮನೆಯಲ್ಲಿ ಜೋರಾಗಿ ಹಾಕಬಹುದಾ?
- ಗೃಹಿಣಿ, ಮೈಸೂರು

ಉತ್ತರ: ಬೇಡಮ್ಮ. ಬೈಗುಳ ಜಾಸ್ತಿ. ಅತ್ತೆ-ಮಾವ ಇದ್ದರಂತೂ ಇಯರ್‌ಫೋನೇ ಗತಿ.